ದೋಣಿಯ ಕ್ಯಾನ್ವಾಸ್ ಟಾಪ್: ರಿಪೇರಿ ಮತ್ತು ಬಿಗಿ ಮಾಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರದ ಹತ್ತಿರ ನನ್ನದೊಂದು ಹೊಲಿಗೆ ಅಂಗಡಿ ಇದೆ. ಜೀಪಿನ ಹುಡ್, ಆಟೋ ಹುಡ್, ಸೀಟಿನ ಕುಶನ್, ಜೊತೆಗೆ ದೋಣಿ ಟಾಪ್, ಅಂದರೆ ದೋಣಿಯ ಮೇಲೆ ಪೈಪಿನ ಕಮಾನುಗಳಿಗೆ ಬಿಗಿದು ಕಟ್ಟುವ ನೆರಳಿನ ಬಟ್ಟೆ. ಶರಾವತಿ ಹಿನ್ನೀರಿನ ಆಚೆ ದಡ, ಈಚೆ ದಡ ಎರಡೂ ಕಡೆಯಿಂದ ಟಾಪ್ ಬರುತ್ತವೆ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಿಗಂದೂರಿಗೆ ಹೋಗಲು ಲಾಂಚ್ ಕಾಯುವುದು ತಪ್ಪಿತು. ಆದರೆ ಮೀನು ಹಿಡಿಯುವವರಿಗೆ, ನೀರಿನ ಆಚೆ ತೋಟ ಇರುವವರಿಗೆ, ಪ್ರವಾಸಿಗಳನ್ನು ಸುತ್ತಾಡಿಸುವವರಿಗೆ ದೋಣಿ ಬೇಕೇ ಬೇಕು. ದೋಣಿ ಇದ್ದರೆ ಮಾರ್ಚ್‌ನಿಂದ ಮೇವರೆಗೆ ನೆತ್ತಿ ಮೇಲೆ ನೆರಳೂ ಬೇಕು.

ಫೋನಿನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿದ್ದೇನೆ.

ಟಾಪ್ ಜೋಲು ಬಿದ್ದಿದೆ. ಹೊಸ ಬಟ್ಟೆ ಹಾಕಿಸಲೇಬೇಕಾ?

ಹೆಚ್ಚಿನ ಸಲ ಬೇಡ. ಜೋಲು ಬಿದ್ದ ತಕ್ಷಣ ಎಲ್ಲರೂ ಬಟ್ಟೆಯನ್ನೇ ಬಯ್ಯುತ್ತಾರೆ. ನಾನು ಬಟ್ಟೆ ನೋಡುವುದು ಕೊನೆಗೆ.

ಮೊದಲು ಫ್ರೇಮ್ ನೋಡಿ. ದೋಣಿಯನ್ನು ದಡಕ್ಕೆ ಎಳೆದು ಸಮನಾಗಿ ನಿಲ್ಲಿಸಿ. ಕಮಾನಿನ ಪೈಪನ್ನು ತಲೆ ಎತ್ತರದಲ್ಲಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಹಾಗೆ ಅಲ್ಲಾಡಿಸುವಾಗ ಕಣ್ಣು ಮೇಲೆ ಇರಬಾರದು, ಪೈಪಿನ ಬುಡದಲ್ಲಿರುವ ಪ್ಲೇಟಿನ ಮೇಲೆ ಇರಬೇಕು. ಅಲ್ಲಿ ಒಂದು ರೂಪಾಯಿ ನಾಣ್ಯದ ದಪ್ಪದಷ್ಟು ಸಡಿಲ ಇದ್ದರೂ ಸಾಕು, ಐದಡಿ ಮೇಲೆ ಅದು ಒಂದೂವರೆ ಎರಡು ಇಂಚು ಆಗಿರುತ್ತದೆ. ಆ ಎರಡು ಇಂಚೇ ನಿಮ್ಮ ಜೋಲು. ಅಂಥ ಟಾಪಿಗೆ ಹೊಸ ಬಟ್ಟೆ ಹಾಕಿದರೆ ಅದೂ ಹಾಗೇ ಜೋಲುತ್ತದೆ.

ಮರದ ದೋಣಿಯಲ್ಲಿ ಸ್ಕ್ರೂ ಹಿಡಿದಿರುವ ಜಾಗ ನೀರು ಕುಡಿದು ಮೆತ್ತಗಾಗಿರುತ್ತದೆ. ಅದೇ ತೂತಿಗೆ ಅದೇ ಸ್ಕ್ರೂ ಮತ್ತೆ ತಿರುಗಿಸಿದರೆ ಪ್ರಯೋಜನವಿಲ್ಲ. ಆರ್‌ಪಾರ್ ಬೋಲ್ಟ್ ಹಾಕಿ, ಒಳಗಡೆ ಅಗಲದ ವಾಷರ್ ಕೊಡಿ. ಬೋಲ್ಟ್ ಹಾಕಲು ಆಗದ ಜಾಗವಾದರೆ, ಮರ ಒಣಗಿದ ಮೇಲೆ ತೂತಿಗೆ ಎಂ-ಸೀಲ್ ಹಚ್ಚಿದ ಬಿದಿರಿನ ಕಡ್ಡಿ ಹೊಡೆದು, ಗಟ್ಟಿಯಾದ ಮೇಲೆ ಹೊಸದಾಗಿ ತೂತು ಮಾಡಿ.

ಫ್ರೇಮ್ ಆದ ಮೇಲೆ ಬೆಲ್ಟು, ಹಗ್ಗ. ಆಮೇಲೆ ಹೊಲಿಗೆ. ಟಾಪಿನ ಕೆಳಗೆ ಕೂತು ಬಿಸಿಲಿಗೆ ಎದುರಾಗಿ ಹೊಲಿಗೆಯ ಸಾಲು ನೋಡಿ. ಪ್ರತಿ ಹೊಲಿಗೆಯ ತೂತಲ್ಲೂ ಬೆಳಕಿನ ಚುಕ್ಕಿ ಉದ್ದಕ್ಕೆ ಎಳೆದ ಹಾಗೆ ಕಂಡರೆ ಹೊಲಿಗೆ ಜಗ್ಗಿದೆ ಅಂತ ಅರ್ಥ. ಇವೆಲ್ಲ ಸರಿ ಇದ್ದೂ ಜೋಲು ಇದ್ದರೆ ಆಗ ಬಟ್ಟೆಯ ಕಡೆ ಬನ್ನಿ.

ಬಟ್ಟೆ ಗಟ್ಟಿ ಇದೆ, ಆದರೆ ಹೊಲಿಗೆ ಬಿಚ್ಚಿಕೊಳ್ಳುತ್ತಿದೆ. ಯಾಕೆ?

ಬಿಸಿಲು. ಬಟ್ಟೆಗಿಂತ ಮೊದಲು ದಾರ ಸಾಯುತ್ತದೆ. ಹೊಲಿಗೆಯ ದಾರ ಬಟ್ಟೆಯ ಮೇಲೆ ಎದ್ದು ಕೂತಿರುತ್ತದೆ. ಬಿಸಿಲಿನ ಪೂರ್ತಿ ಹೊಡೆತ ಅದಕ್ಕೇ. ಜೊತೆಗೆ ಗಾಳಿಗೆ ಬಟ್ಟೆ ಪಟಪಟ ಅಂದಾಗ ಎಲ್ಲ ಎಳೆತವನ್ನೂ ತಡೆಯುವುದು ಆ ಸಣ್ಣ ದಾರವೇ.

ಪರೀಕ್ಷೆ ಸುಲಭ. ಟಾಪಿನ ಮೇಲ್ಭಾಗದಲ್ಲಿ, ಹೆಚ್ಚು ಬಿಸಿಲು ಬೀಳುವ ಜಾಗದಲ್ಲಿ ದಾರವನ್ನು ಉಗುರಿನಿಂದ ಗಟ್ಟಿಯಾಗಿ ಕೆರೆಯಿರಿ. ಚೆನ್ನಾಗಿರುವ ದಾರ ಉಗುರಿಗೆ ಜಾರುತ್ತದೆ. ಸತ್ತ ದಾರ ನಾರು ನಾರಾಗಿ ಏಳುತ್ತದೆ, ಇಲ್ಲವೇ ಪುಡಿಯಾಗಿ ಉದುರುತ್ತದೆ. ಒಂದು ಕಡೆ ಹಾಗಾಗಿದ್ದರೆ ಬಿಸಿಲು ಬೀಳುವ ಎಲ್ಲ ಹೊಲಿಗೆಯೂ ಅದೇ ಸ್ಥಿತಿಯಲ್ಲಿರುತ್ತದೆ. ಬಿಚ್ಚಿದ ಅರ್ಧ ಅಡಿಯನ್ನು ಮಾತ್ರ ಹೊಲಿದು ಕಳಿಸಿದರೆ ತಿಂಗಳಲ್ಲಿ ಪಕ್ಕದ್ದು ಬಿಚ್ಚುತ್ತದೆ. ಒಂದೇ ಸಲಕ್ಕೆ ಎಲ್ಲಾ ಸಾಲಿಗೂ ಮರು ಹೊಲಿಗೆ ಹಾಕಿಸಿ.

ಯಾವ ದಾರ ಒಳ್ಳೆಯದು?

ಬಿಸಿಲು ತಡೆಯುವ ದಪ್ಪ ಪಾಲಿಯೆಸ್ಟರ್ ದಾರ. ಹತ್ತಿ ದಾರ ಮಲೆನಾಡಿನ ತೇವಕ್ಕೆ ಕೊಳೆಯುತ್ತದೆ. ನೈಲಾನ್ ದಾರ ಎಳೆದು ನೋಡಿದರೆ ಬಹಳ ಗಟ್ಟಿ, ಆದರೆ ಬಿಸಿಲಿಗೆ ಪಾಲಿಯೆಸ್ಟರ್‌ಗಿಂತ ಬೇಗ ಸೋಲುತ್ತದೆ. ನೀರು ಕುಡಿದರೆ ಜಗ್ಗುತ್ತದೆ ಕೂಡ.

ಇದು ನಾನು ಅನುಭವದಿಂದ ಹೇಳುವ ಮಾತು. ಒಮ್ಮೆ ಅಂಗಡಿಯವರೊಬ್ಬರು ಪಾಲಿಯೆಸ್ಟರ್ ಅಂತ ಹೇಳಿ ನೈಲಾನ್ ದಾರ ಕೊಟ್ಟರು. ಲೇಬಲ್ ಇರಲಿಲ್ಲ, ನಾನೂ ನಂಬಿದೆ. ಆ ದಾರದಲ್ಲಿ ಹೊಲಿದ ಮೂರು ಟಾಪ್ ಎರಡನೇ ಬೇಸಿಗೆಯಲ್ಲಿ ವಾಪಸ್ ಬಂದವು. ಮೂರನ್ನೂ ದುಡ್ಡು ತೆಗೆದುಕೊಳ್ಳದೆ ಪೂರ್ತಿ ಮರು ಹೊಲಿಗೆ ಹಾಕಿಕೊಟ್ಟೆ. ಅಂದಿನಿಂದ ಲೇಬಲ್ ಇಲ್ಲದ ರೀಲು ಮುಟ್ಟುವುದಿಲ್ಲ. ನೀವೂ ಟೈಲರ್ ಹತ್ತಿರ ರೀಲು ತೋರಿಸಿ ಅಂತ ಕೇಳಿ. ಕೇಳಿದರೆ ಒಳ್ಳೆಯ ಕೆಲಸಗಾರ ಬೇಜಾರು ಮಾಡಿಕೊಳ್ಳುವುದಿಲ್ಲ.

ಮರು ಹೊಲಿಗೆಗೆ ಹಳೆ ದಾರ ಬಿಚ್ಚಬೇಕಾ?

ಬೇಡ. ಬಿಚ್ಚಿದರೆ ತುಂಡುಗಳು ಜರುಗುತ್ತವೆ, ಟಾಪಿನ ಆಕಾರವೇ ಹೋಗುತ್ತದೆ. ಹಳೆಯ ಸಾಲಿನ ಮೇಲೆಯೇ, ಇಲ್ಲವೇ ಅದಕ್ಕೆ ಅಂಟಿದ ಹಾಗೆ ಪಕ್ಕದಲ್ಲಿ ಹೊಸ ಸಾಲು ಹಾಕಿ. ಹೊಲಿಗೆ ಉದ್ದ ಇರಲಿ. ಒಂದು ಇಂಚಿಗೆ ಆರು ಹೊಲಿಗೆ ಸಾಕು. ಅಂಗಿ ಹೊಲಿಯುವ ಹಾಗೆ ಒತ್ತೊತ್ತಾಗಿ ಹೊಲಿದರೆ ತೂತುಗಳು ಹತ್ತಿರವಾಗಿ, ಅಂಚೆ ಚೀಟಿ ಹರಿದ ಹಾಗೆ ಬಟ್ಟೆ ಆ ಸಾಲಲ್ಲೇ ಹರಿಯುತ್ತದೆ.

ನನ್ನ ಟಾಪಿನ ಬಟ್ಟೆ ಯಾವುದು ಅಂತ ಹೇಗೆ ತಿಳಿಯುವುದು?

ಒಳಗಿನ ಮಡಿಕೆಯಿಂದ ಎರಡು ಎಳೆ ಕಿತ್ತು, ದೋಣಿಯಿಂದಲೂ ಪೆಟ್ರೋಲಿನಿಂದಲೂ ದೂರ ಹೋಗಿ ಸುಟ್ಟು ನೋಡಿ. ಹತ್ತಿಯಾದರೆ ಕಾಗದದ ಹಾಗೆ ಉರಿದು ಮೆತ್ತನೆ ಬೂದಿ ಆಗುತ್ತದೆ. ಪಾಲಿಯೆಸ್ಟರ್, ಅಕ್ರಿಲಿಕ್ ಆದರೆ ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಗುತ್ತದೆ. ಎಳೆಯೇ ಕೀಳಲು ಬಾರದೆ ಎರಡೂ ಕಡೆ ಪ್ಲಾಸ್ಟಿಕ್ ಮೆತ್ತಿದ ಹಾಗಿದ್ದರೆ ಅದು ಪಿವಿಸಿ ಟಾರ್ಪಲ್, ಲಾರಿಯವರು ಬಳಸುವಂಥದ್ದು.

ಇದು ಗೊತ್ತಿರಲೇಬೇಕು. ತೇಪೆ ಹಾಕುವುದು, ತೊಳೆಯುವುದು, ಬಿಗಿ ಮಾಡುವುದು ಮೂರಕ್ಕೂ ಬಟ್ಟೆಯ ಜಾತಿ ಮುಖ್ಯ.

ಬೆಲ್ಟು, ಹಗ್ಗ ಬಿಗಿ ಮಾಡಲು ಸರಿಯಾದ ಕ್ರಮ ಯಾವುದು?

ಜೀಪಿನ ಚಕ್ರದ ನಟ್ ಬಿಗಿ ಮಾಡುವ ಹಾಗೆ. ಒಂದನ್ನೇ ಪೂರ್ತಿ ಎಳೆಯಬೇಡಿ. ಮುಂದಿನ ಎಡ, ಹಿಂದಿನ ಬಲ, ಮುಂದಿನ ಬಲ, ಹಿಂದಿನ ಎಡ, ಹೀಗೆ ಕರ್ಣಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯುತ್ತಾ ಎರಡು ಮೂರು ಸುತ್ತು ಬನ್ನಿ. ಒಂದೇ ಮೂಲೆಯನ್ನು ಎಳೆದರೆ ಕಮಾನು ಓರೆಯಾಗಿ ಬಟ್ಟೆಯಲ್ಲಿ ಓರೆ ಸುಕ್ಕು ಬೀಳುತ್ತದೆ. ಆಮೇಲೆ ಆ ಸುಕ್ಕನ್ನು ತೆಗೆಯಲು ಇನ್ನೂ ಎಳೆಯುತ್ತೀರಿ. ಐಲೆಟ್ (ಹಗ್ಗ ತೂರಿಸಲು ಬಟ್ಟೆಯ ಅಂಚಿಗೆ ಹೊಡೆದ ಲೋಹದ ಬಳೆ) ಕಿತ್ತುಕೊಳ್ಳುವುದು ಹೆಚ್ಚಾಗಿ ಹೀಗೇ.

ಹಗ್ಗವಾದರೆ ಲಾರಿ ಲೋಡಿನವರು ಹಾಕುವ ಗಂಟು ಕಲಿಯಿರಿ. ಹಗ್ಗದ ನಡುವೆ ಜೀರುಗಂಟಿನಿಂದ ಒಂದು ಕುಣಿಕೆ ಮಾಡಿಕೊಳ್ಳಬೇಕು. ತುದಿಯನ್ನು ದೋಣಿಯ ಕೊಂಡಿಗೆ ಸುತ್ತಿಸಿ ವಾಪಸ್ ತಂದು ಆ ಕುಣಿಕೆಯೊಳಗೆ ತೂರಿಸಿ ಕೆಳಗೆ ಎಳೆಯಬೇಕು. ಕೈಯ ಬಲಕ್ಕಿಂತ ಜಾಸ್ತಿ ಬಿಗಿ ಸಿಗುತ್ತದೆ. ಬಿಚ್ಚುವಾಗ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ಅಡಿಕೆ ಚೀಲ ತುಂಬುವ ಯಾವ ಹಮಾಲರನ್ನು ಕೇಳಿದರೂ ಎರಡು ನಿಮಿಷದಲ್ಲಿ ತೋರಿಸಿಕೊಡುತ್ತಾರೆ.

ಎಷ್ಟು ಬಿಗಿ? ಅಂಗೈಯಿಂದ ನಡುವೆ ತಟ್ಟಿದರೆ ಮಂದವಾಗಿ ಸದ್ದು ಬರಬೇಕು, ಒತ್ತಿದರೆ ಒಂದು ಇಂಚು ತಗ್ಗಬೇಕು. ಚಂಡೆಯ ಹಾಗೆ ಟಣ್ ಅಂದರೆ ಜಾಸ್ತಿಯಾಯಿತು. ಮೊದಲ ಗಾಳಿಗೇ ಹೊಲಿಗೆ ಬಿಡುತ್ತದೆ.

ಇನ್ನೊಂದು ವಿಷಯ. ಪ್ರತಿ ಹಗ್ಗದ ತುದಿಗೆ ಒಂದು ಗೇಣು ಸೈಕಲ್ ಟ್ಯೂಬಿನ ಪಟ್ಟಿ ಸೇರಿಸಿ ಕಟ್ಟುವುದು ನನಗೆ ಬಹಳ ಇಷ್ಟದ ಪದ್ಧತಿ. ಗಾಳಿ ಹೊಡೆದಾಗ ರಬ್ಬರ್ ಜಗ್ಗುತ್ತದೆ, ಬಟ್ಟೆಗೆ ಏಟು ಬೀಳುವುದಿಲ್ಲ. ವರ್ಷಕ್ಕೊಮ್ಮೆ ಬದಲಾಯಿಸಿ, ಬಿಸಿಲಿಗೆ ಬಿರುಕು ಬಿಡುತ್ತದೆ.

ಬೆಲ್ಟ್ ಕೊನೆಯವರೆಗೂ ಎಳೆದಾಯ್ತು. ಆದರೂ ಸಡಿಲ. ಈಗೇನು?

ಎರಡು ದಾರಿ ಇವೆ. ಮೊದಲನೆಯದಕ್ಕೆ ಕತ್ತರಿ ಬೇಡ, ಸೂಜಿ ಬೇಡ. ಕಮಾನಿನ ಪೈಪನ್ನೇ ದಪ್ಪ ಮಾಡುವುದು. ಎಸಿ ಪೈಪಿಗೆ ತೊಡಿಸುವ ಕಪ್ಪು ಫೋಮ್ ಕೊಳವೆ ಸಿಗುತ್ತದಲ್ವಾ, ಅದನ್ನು ಉದ್ದಕ್ಕೆ ಸೀಳಿ ಕಮಾನಿನ ಮೇಲ್ಭಾಗಕ್ಕೆ ತೊಡಿಸಿ, ಹಳೆ ಕ್ಯಾನ್ವಾಸ್ ಪಟ್ಟಿ ಸುತ್ತಿ ಕಟ್ಟಿ. ಕಮಾನು ಅರ್ಧ ಇಂಚು ಎದ್ದರೂ ಬಟ್ಟೆ ಬಿಗಿಯಾಗುತ್ತದೆ. ಪೈಪಿಗೆ ಉಜ್ಜಿ ಬಟ್ಟೆ ಸವೆಯುವುದೂ ನಿಲ್ಲುತ್ತದೆ. ನಡುವೆ ಕಮಾನೇ ಇಲ್ಲದ ಉದ್ದ ಟಾಪ್ ಆದರೆ ಒಂದು ಹೆಚ್ಚುವರಿ ಕಮಾನು ಕೊಡಿಸಿ.

ಎರಡನೆಯದು ಮಡಿಕೆ ಹಿಡಿಯುವುದು. ಕರ್ಟನ್‌ಗೆ ರಾಡ್ ತೂರಿಸುವ ಹಾಗೆ ಕಮಾನು ತೂರಿಸುವ ಮಡಿಕೆ ಟಾಪಿನ ಎರಡೂ ತುದಿಯಲ್ಲಿ ಇರುತ್ತದೆ. ಅಲ್ಲಿ ಇನ್ನಷ್ಟು ಬಟ್ಟೆ ಒಳಗೆ ತೆಗೆದುಕೊಂಡು ಹೊಲಿಯಬೇಕು. ಇಲ್ಲಿ ಅವಸರ ಮಾಡಬೇಡಿ. ಮೊದಲು ಟಾಪನ್ನು ದೋಣಿಯ ಮೇಲೆ ಹಾಕಿ, ಬೆಲ್ಟನ್ನು ಅರ್ಧಕ್ಕೆ ಬಿಟ್ಟು, ಎಷ್ಟು ಸಡಿಲ ಇದೆ ಅಂತ ಬಟ್ಟೆ ಕ್ಲಿಪ್ಪಿನಿಂದ ಹಿಡಿದು ಚಾಕ್ ಗುರುತು ಹಾಕಿ. ನಡುವೆ ಒಂದು, ಎರಡು ಬದಿಗೆ ಒಂದೊಂದು, ಹೀಗೆ ಮೂರು ಕಡೆ ಅಳೆಯಿರಿ. ನಡುವೆ ಜಾಸ್ತಿ, ಬದಿಯಲ್ಲಿ ಕಡಿಮೆ ಇರುವುದು ಸಾಮಾನ್ಯ. ನೆಟ್ಟಗೆ ಗೆರೆ ಎಳೆದು ಹೊಲಿದರೆ ಬದಿ ಬಿಗಿದುಕೊಂಡು ನಡುವೆ ಜೋಲು ಹಾಗೇ ಉಳಿಯುತ್ತದೆ. ಹೊಲಿಗೆಯ ಗೆರೆ ಸ್ವಲ್ಪ ಬಾಗಿರಬೇಕು. ಅಳತೆಗಿಂತ ಕಾಲು ಇಂಚು ಕಡಿಮೆಯೇ ಹಿಡಿಯಿರಿ. ಉಳಿದದ್ದನ್ನು ಬೆಲ್ಟ್ ನೋಡಿಕೊಳ್ಳುತ್ತದೆ.

ಟಾಪಿನ ಮೇಲೆ ಮಳೆ ನೀರು ನಿಲ್ಲುತ್ತದೆ. ಅದರಿಂದ ಅಷ್ಟೇನು ತೊಂದರೆ?

ಬಹಳ ತೊಂದರೆ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು, ಅಂದರೆ 1 ಕೆಜಿ ಭಾರ. ಟಾಪಿನ ನಡುವೆ ಒಂದು ಚದರ ಮೀಟರ್ ತಗ್ಗಿನಲ್ಲಿ ಸರಾಸರಿ 3 ಸೆಂಟಿಮೀಟರ್ ನೀರು ನಿಂತರೆ 30 ಕೆಜಿ. ಆ ಭಾರಕ್ಕೆ ಬಟ್ಟೆ ಇನ್ನೂ ಜಗ್ಗುತ್ತದೆ, ತಗ್ಗು ದೊಡ್ಡದಾಗುತ್ತದೆ, ಇನ್ನೂ ನೀರು ಸೇರುತ್ತದೆ. ಆಗುಂಬೆ, ಹುಲಿಕಲ್ ಕಡೆ ಸುರಿಯುವ ಮಳೆಗೆ ಇದು ಒಂದು ರಾತ್ರಿಯ ಕೆಲಸ. ಮೇಲಾಗಿ ಆ ಭಾರ ದೋಣಿಯ ತಲೆ ಮೇಲಿರುತ್ತದೆ. ಸಣ್ಣ ದೋಣಿ ಒಂದು ಬದಿಗೆ ವಾಲಿದರೆ ನೀರೆಲ್ಲ ಅದೇ ಬದಿಗೆ ಓಡಿ ದೋಣಿಯನ್ನು ಇನ್ನೂ ವಾಲಿಸುತ್ತದೆ.

ನನ್ನದೇ ದೋಣಿಯ ಕಥೆ ಹೇಳುತ್ತೇನೆ. ಒಂದು ಜುಲೈ, ಮನೆಯಲ್ಲಿ ಮದುವೆ ಗಡಿಬಿಡಿ, ಟಾಪ್ ಬಿಚ್ಚದೆ ದಡದಲ್ಲಿ ಕಟ್ಟಿ ಬಂದಿದ್ದೆ. ಮೂರು ದಿನ ಬಿಟ್ಟು ಹೋದರೆ ನಡುವಿನ ಕಮಾನು ಬಿಲ್ಲಿನ ಹಾಗೆ ಕೆಳಗೆ ಬಾಗಿತ್ತು. ಟಾಪ್ ಒಂದು ಬಾಣಲೆಯ ಹಾಗೆ ನೀರು ತುಂಬಿಕೊಂಡಿತ್ತು. ಅದರಲ್ಲಿ ಬಿದಿರೆಲೆ ತೇಲುತ್ತಿದ್ದವು. ಬಟ್ಟೆ ಎಲ್ಲೂ ಹರಿದಿರಲಿಲ್ಲ. ಬಗ್ಗಿದ್ದು ಪೈಪು. ಬಗ್ಗಿದ ಪೈಪನ್ನು ನೆಟ್ಟಗೆ ಮಾಡಿಸಿದೆ, ಮರುವರ್ಷ ಅದೇ ಜಾಗದಲ್ಲಿ ಮುರಿಯಿತು. ಅದಕ್ಕೇ ಈಗ ಯಾರೇ ಕೇಳಿದರೂ ಹೇಳುತ್ತೇನೆ: ಬಗ್ಗಿದ ಕಮಾನನ್ನು ಬದಲಾಯಿಸಿ.

ಪರಿಹಾರ ಏನೆಂದರೆ, ಟಾಪಿಗೆ ಇಳಿಜಾರು ಬೇಕು. ನಮ್ಮ ಹೆಂಚಿನ ಮನೆಗಳ ಮಾಡು ಯಾಕೆ ಅಷ್ಟು ಇಳಿಜಾರು ಅಂತ ಎಲ್ಲರಿಗೂ ಗೊತ್ತಲ್ವಾ. ನಡುವಿನ ಕಮಾನು ಮುಂದಿನ ಮತ್ತು ಹಿಂದಿನ ಕಮಾನಿಗಿಂತ ಎತ್ತರ ಇರಲಿ. ದೋಣಿ ನಿಲ್ಲಿಸಿ ಹೋಗುವಾಗ ಹಿಂದಿನ ಬೆಲ್ಟ್ ಸಡಿಲಿಸಿ ಒಂದು ತುದಿಯನ್ನು ತಗ್ಗಿಸಿ ಬಿಡಿ. ನೀರು ನಿಲ್ಲದಂತೆ ನಡುವೆ ತೂತು ಹೊಡೆದು ಬಿಡುತ್ತಾರೆ ಕೆಲವರು. ದಯವಿಟ್ಟು ಬೇಡ. ಹರಿಯುವುದು ಆ ತೂತಿನಿಂದಲೇ ಶುರುವಾಗುತ್ತದೆ.

ಮಳೆ ಬಂದಾಗ ಟಾಪ್ ತಾನಾಗಿಯೇ ಬಿಗಿಯಾಗುತ್ತದೆ, ಒಣಗಿದರೆ ಸಡಿಲ. ಇದು ಯಾಕೆ?

ಅದು ಹತ್ತಿ ಕ್ಯಾನ್ವಾಸ್. ಹತ್ತಿಯ ಎಳೆ ನೀರು ಕುಡಿದರೆ ಉಬ್ಬುತ್ತದೆ, ಬಟ್ಟೆ ಕುಗ್ಗುತ್ತದೆ. ಹತ್ತಿ ಹಗ್ಗವೂ ಹಾಗೇ. ಒಣಗಿದ್ದಾಗ ಪೂರ್ತಿ ಬಿಗಿ ಮಾಡಿಟ್ಟರೆ ಮಳೆ ಬಂದಾಗ ಐಲೆಟ್ ಕಿತ್ತು ಬರುತ್ತದೆ. ಮೋಡ ಕಟ್ಟಿದಾಗ ಹಗ್ಗ ಒಂದು ಹಿಡಿ ಸಡಿಲಿಸುವುದು ಹಳಬರ ಅಭ್ಯಾಸ, ಅದು ಸರಿಯಾದದ್ದೇ. ಹೊಸ ಹತ್ತಿ ಕ್ಯಾನ್ವಾಸ್ ತಂದರೆ ಒಮ್ಮೆ ಚೆನ್ನಾಗಿ ನೆನೆಸಿ ಒಣಗಿಸಿ, ಆಮೇಲೆ ಕತ್ತರಿಸಿ. ಇಲ್ಲದಿದ್ದರೆ ಮೊದಲ ಮಳೆಗೇ ಅಳತೆ ಕಡಿಮೆಯಾಗುತ್ತದೆ.

ಪಾಲಿಯೆಸ್ಟರ್, ಅಕ್ರಿಲಿಕ್ ಬಟ್ಟೆಗೆ ಈ ಗುಣ ಇಲ್ಲ. ನೈಲಾನ್ ಹಗ್ಗ ಉಲ್ಟಾ, ನೆನೆದರೆ ಜಗ್ಗುತ್ತದೆ. ಹತ್ತಿ ಟಾಪಿಗೆ ನೈಲಾನ್ ಹಗ್ಗ ಕಟ್ಟಿದವರಿಗೆ ಎರಡೂ ಕೂಡಿ ಸರಿಹೋಗುತ್ತದೆ ಅಂತ ಅನಿಸಬಹುದು. ಅಳತೆ ಯಾವತ್ತೂ ಕೂಡುವುದಿಲ್ಲ. ಪಾಲಿಯೆಸ್ಟರ್ ಹಗ್ಗ ಕಟ್ಟಿ.

ಕೊಂಬೆಗೆ ತಾಗಿ ಹರಿದಿದೆ. ತೇಪೆ ಹೇಗೆ ಹಾಕುವುದು?

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆಯಿತು. ಅವತ್ತು ಮುಳುಗಿದ ಕಾಡಿನ ಒಣ ಮರಗಳು ಇವತ್ತಿಗೂ ಅಲ್ಲಲ್ಲಿ ನೀರಲ್ಲಿ ನಿಂತಿವೆ. ನೀರು ಏರಿದಂತೆ ದಡದ ಮರದ ಕೊಂಬೆಗಳು ಟಾಪಿನ ಮಟ್ಟಕ್ಕೆ ಬರುತ್ತವೆ. ಹಾಗಾಗಿ ಈ ಪ್ರಶ್ನೆ ಮಳೆಗಾಲ ಮುಗಿಯುವಾಗ ಜಾಸ್ತಿ ಬರುತ್ತದೆ.

ತೇಪೆಯ ಬಟ್ಟೆ ಅದೇ ಜಾತಿಯದ್ದು ಇರಬೇಕು. ಹತ್ತಿಗೆ ಹತ್ತಿ, ಅಕ್ರಿಲಿಕ್‌ಗೆ ಅಕ್ರಿಲಿಕ್. ಹತ್ತಿಗೆ ಪಾಲಿಯೆಸ್ಟರ್ ತೇಪೆ ಹಾಕಿದರೆ ಒಂದು ಕುಗ್ಗುತ್ತದೆ, ಇನ್ನೊಂದು ಕುಗ್ಗುವುದಿಲ್ಲ, ಸುತ್ತ ಸುಕ್ಕು ಬರುತ್ತದೆ. ಹರಿದ ಜಾಗದ ಸುತ್ತ ಎರಡು ಇಂಚು ದಾಟುವಷ್ಟು ದೊಡ್ಡ ತೇಪೆ ಕತ್ತರಿಸಿ. ಮೂಲೆಗಳನ್ನು ದುಂಡಗೆ ಮಾಡಿ. ಚೌಕದ ಮೂಲೆ ಮೊದಲು ಏಳುತ್ತದೆ. ಹತ್ತಿಯಾದರೆ ಅಂಚು ಒಳಗೆ ಮಡಿಚಿ. ಪಾಲಿಯೆಸ್ಟರ್ ಆದರೆ ಕಾದ ಚಾಕುವಿನಿಂದ ಕತ್ತರಿಸಿದರೆ ಅಂಚು ಕರಗಿ ಕೂರುತ್ತದೆ, ಎಳೆ ಬಿಡುವುದಿಲ್ಲ. ತೇಪೆಯ ನೇಯ್ಗೆಯ ಉದ್ದ ಅಡ್ಡ ಟಾಪಿನ ಬಟ್ಟೆಯ ಜೊತೆ ಹೊಂದಿಕೆಯಾಗಲಿ. ಓರೆಯಾಗಿ ಇಟ್ಟ ತೇಪೆ ಜಗ್ಗುತ್ತದೆ.

ಮೊದಲು ಹರಿದ ಎರಡು ಅಂಚನ್ನು ಕೈ ಹೊಲಿಗೆಯಿಂದ ಮುಟ್ಟಿಸಿಕೊಳ್ಳಿ. ಇದನ್ನು ಬಿಟ್ಟು ನೇರವಾಗಿ ತೇಪೆ ಹಾಕಿದರೆ ಕೆಳಗೆ ಹರಿದದ್ದು ಬಾಯಿ ಬಿಟ್ಟುಕೊಂಡೇ ಇರುತ್ತದೆ, ಎಳೆತ ಪೂರ್ತಿ ತೇಪೆಯ ಮೇಲೆ ಬೀಳುತ್ತದೆ. ಆಮೇಲೆ ತೇಪೆ ಇಟ್ಟು ಅಂಚಿಗೆ ಒಂದು ಸುತ್ತು, ಅದರ ಒಳಗೆ ಅರ್ಧ ಇಂಚು ಬಿಟ್ಟು ಇನ್ನೊಂದು ಸುತ್ತು ಹೊಲಿಯಿರಿ.

ಪಿವಿಸಿ ಟಾರ್ಪಲ್‌ಗೆ ಸೂಜಿ ಮುಟ್ಟಿಸಬೇಡಿ. ಪಿವಿಸಿ ಬಟ್ಟೆಗೆ ಅಂತಲೇ ಇರುವ ಅಂಟು ಹಚ್ಚಿ, ಇಲ್ಲವೇ ಬಿಸಿಗಾಳಿಯಿಂದ ಬೆಸೆಯಿಸಿ. ಬಿಸಿಗಾಳಿ ಕೆಲಸಕ್ಕೆ ಟಾಪನ್ನು ಬಿಚ್ಚಿ ಮನೆಗೆ ತನ್ನಿ, ಪೆಟ್ರೋಲ್ ಟ್ಯಾಂಕ್ ಇರುವ ದೋಣಿಯ ಮೇಲೆ ಬೇಡ.

ನೀರಿನ ನಡುವೆ ಹರಿದರೆ?

ಟಾಪನ್ನು ಕೂಡಲೇ ಇಳಿಸಿ ಮಡಿಚಿ ಕಟ್ಟಿ. ಗಾಳಿಗೆ ಅರ್ಧ ಅಡಿ ಹರಿದದ್ದು ಕ್ಷಣದಲ್ಲಿ ಆರಡಿಯಾಗುತ್ತದೆ. ಸಡಿಲ ಹಗ್ಗದ ತುದಿ ಪ್ರೊಪೆಲ್ಲರ್‌ಗೆ ಸಿಗದ ಹಾಗೆ ಒಳಗೆ ಎಳೆದುಕೊಳ್ಳಿ.

ದೋಣಿಯಲ್ಲಿ ಯಾವಾಗಲೂ ಒಂದು ಡಬ್ಬಿ ಇರಲಿ. ದಬ್ಬಳ, ಜೇನುಮೇಣ ಸವರಿದ ದಪ್ಪ ದಾರ, ಒಂದು ತುಂಡು ಬಟ್ಟೆ, ಅಂಗೈಗೆ ಕಟ್ಟಿಕೊಳ್ಳಲು ಚರ್ಮದ ತುಂಡು. ದಡಕ್ಕೆ ಬಂದ ಮೇಲೆ ಹೀಗೆ ಹೊಲಿಯಿರಿ: ಸೂಜಿಯನ್ನು ಒಂದು ಅಂಚಿನ ಕೆಳಗಿನಿಂದ ಮೇಲಕ್ಕೆ ತೆಗೆಯಿರಿ, ಎದುರು ಅಂಚಿನ ಕೆಳಗೆ ಹಾಯಿಸಿ ಅಲ್ಲಿಯೂ ಕೆಳಗಿನಿಂದಲೇ ಮೇಲಕ್ಕೆ ತೆಗೆಯಿರಿ. ಹೀಗೆ ಎಡ ಬಲ ಎಡ ಬಲ. ಶೂಗೆ ಲೇಸ್ ಕಟ್ಟಿದ ಹಾಗೆ ಎರಡು ಅಂಚು ಪಕ್ಕಪಕ್ಕ ಬಂದು ಕೂರುತ್ತವೆ, ಒಂದರ ಮೇಲೊಂದು ಏರುವುದಿಲ್ಲ. ಹರಿದ ಜಾಗ ಮುಗಿದ ಮೇಲೂ ಅರ್ಧ ಇಂಚು ಮುಂದಕ್ಕೆ ಹೊಲಿದೇ ಗಂಟು ಹಾಕಿ.

ಐಲೆಟ್ ಕಿತ್ತು ಬಂದಿದೆ. ಪಕ್ಕದಲ್ಲಿ ಇನ್ನೊಂದು ಹೊಡೆದರೆ ಸಾಕಾ?

ಸಾಲದು. ಕಿತ್ತು ಬಂದ ಜಾಗದ ಬಟ್ಟೆ ಸೋತಿದೆ ಅಂತಲೇ ಅರ್ಥ. ಶಾಲೆ ಬ್ಯಾಗಿಗೆ ಹಾಕುವಂಥ ಬೆಲ್ಟ್ ಪಟ್ಟಿಯನ್ನು ಅಂಚಿನ ಎರಡೂ ಮೈಗೆ ಮಡಿಚಿ ಹೊಲಿಯಿರಿ. ಅದರ ಮೇಲೆ ಹೊಸ ಐಲೆಟ್ ಹೊಡೆಯಿರಿ. ತೂತು ಐಲೆಟ್ಟಿನ ಕುತ್ತಿಗೆಗಿಂತ ಸ್ವಲ್ಪ ಚಿಕ್ಕದೇ ಇರಲಿ, ಒತ್ತಿ ತೂರಿಸಬೇಕು. ಸಡಿಲ ತೂತಿನ ಐಲೆಟ್ ತಿರುಗುತ್ತದೆ, ತಿರುಗಿದರೆ ಕಿತ್ತುಕೊಳ್ಳುತ್ತದೆ. ಹಿತ್ತಾಳೆಯದ್ದೇ ಬೇಕು. ಬಣ್ಣ ಬಳಿದ ಕಬ್ಬಿಣದ್ದು ಒಂದು ಮಳೆಗಾಲಕ್ಕೆ ತುಕ್ಕು ಹಿಡಿದು ಸುತ್ತಲಿನ ಬಟ್ಟೆಯನ್ನೂ ತಿನ್ನುತ್ತದೆ.

ಹೊಲಿಗೆಯ ತೂತಿನಿಂದ ನೀರು ತೊಟ್ಟಿಕ್ಕುತ್ತದೆ.

ಹೊಸ ಹತ್ತಿ ಕ್ಯಾನ್ವಾಸ್ ಆದರೆ ಎರಡು ಮೂರು ಮಳೆ ಕಾಯಿರಿ, ಎಳೆ ಉಬ್ಬಿ ತೂತು ಮುಚ್ಚಿಕೊಳ್ಳುತ್ತದೆ. ಹಳೆಯದಾದರೆ ಹೊಲಿಗೆಯ ಸಾಲಿಗೆ ಮಾತ್ರ ಜೇನುಮೇಣ ಉಜ್ಜಿ ಬಿಸಿಲಲ್ಲಿ ಬಿಡಿ, ಮೆತ್ತಗಾಗಿ ಒಳಗಿಳಿಯುತ್ತದೆ. ಇಡೀ ಟಾಪಿಗೆ ಮೇಣ ಬೇಡ. ಭಾರವಾಗುತ್ತದೆ, ಬೇಸಿಗೆಯಲ್ಲಿ ಕೈಗೆ ಅಂಟುತ್ತದೆ, ಬೆಂಕಿಗೂ ಬೇಗ ಸಿಗುತ್ತದೆ.

ಬೂಷ್ಟು ಹಿಡಿದಿದೆ, ಕಪ್ಪು ಚುಕ್ಕಿ ಹೋಗುವುದಿಲ್ಲ.

ಮೊದಲು ಒಣಗಿರುವಾಗಲೇ ಮೆತ್ತನೆ ಬ್ರಷ್‌ನಿಂದ ಹೊರಗಡೆ ಕೊಡವಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಆಮೇಲೆ ಸೌಮ್ಯ ಸೋಪಿನ ನೀರಿನಲ್ಲಿ ತೊಳೆಯಿರಿ. ನಾನು ಅಂಟುವಾಳ ನೆನೆಸಿದ ನೀರು ಬಳಸುತ್ತೇನೆ. ಬಟ್ಟೆ ಸೋಪಿನ ಪುಡಿ ಕಟುವಾದದ್ದು, ನೀರು ತಡೆಯುವ ಲೇಪವನ್ನು ತೆಗೆದುಬಿಡುತ್ತದೆ. ಬ್ಲೀಚಿಂಗ್ ನೀರನ್ನು ಹತ್ತಿ ಬಟ್ಟೆಗೆ ಹಾಕಲೇಬೇಡಿ, ಎಳೆ ಸೋಲುತ್ತದೆ. ಕಪ್ಪು ಚುಕ್ಕಿ ಪೂರ್ತಿ ಹೋಗದಿದ್ದರೆ ಹಾಗೇ ಇರಲಿ ಬಿಡಿ. ಚುಕ್ಕಿ ಇದ್ದರೂ ಬಟ್ಟೆ ಗಟ್ಟಿ ಇದ್ದರೆ ಸಾಕು.

ಬೂಷ್ಟಿಗೆ ಕಾರಣ ಒಂದೇ, ಒದ್ದೆ ಇರುವಾಗ ಮಡಿಚಿ ಇಡುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಒಣಗಿಸುವುದೇ ಕಷ್ಟ, ಗೊತ್ತು. ಬಚ್ಚಲು ಒಲೆಯ ಮೇಲಿನ ಗಳುವಿಗೆ ಹಾಕಿ ಒಣಗಿಸುವವರಿದ್ದಾರೆ. ಮೇಣ ಇಲ್ಲದ ಹತ್ತಿ ಬಟ್ಟೆಗೆ, ಬೆಂಕಿಯಿಂದ ಸಾಕಷ್ಟು ಎತ್ತರದಲ್ಲಿ ಇದ್ದರೆ, ಅದು ಆಗಬಹುದು. ಪಿವಿಸಿ, ಅಕ್ರಿಲಿಕ್, ಮೇಣ ಹಚ್ಚಿದ ಬಟ್ಟೆ ಯಾವುದನ್ನೂ ಅಲ್ಲಿ ಹಾಕಬೇಡಿ.

ಅಡಿಕೆ ಒಣಗಿಸುವ ನೀಲಿ ಟಾರ್ಪಲ್ ಕಟ್ಟಿದರೆ ಸಾಲದೇ?

ಒಂದು ಬೇಸಿಗೆಗೆ ಸಾಕು. ಬಿಸಿಲಿಗೆ ಬೇಗ ಪುಡಿಯಾಗುತ್ತದೆ, ಗಾಳಿಗೆ ವಿಪರೀತ ಸದ್ದು ಮಾಡುತ್ತದೆ. ಪುಡಿಯಾಗಿ ಉದುರಿದ ಪ್ಲಾಸ್ಟಿಕ್ ಚೂರು ಹೊಳೆ ನೀರಿಗೇ ಸೇರುತ್ತದೆ. ಆ ನೀರಲ್ಲಿ ಮೀನು ಹಿಡಿಯುವವರು ನಾವೇ. ಪಿವಿಸಿ ಲಾರಿ ಟಾರ್ಪಲ್ ಬಾಳಿಕೆ ಬರುತ್ತದೆ, ಆದರೆ ಭಾರ, ಕೆಳಗೆ ಸೆಕೆ. ನನ್ನ ಆಯ್ಕೆ ಕೇಳಿದರೆ, ದಿನಾ ಬಿಸಿಲಲ್ಲಿ ಓಡುವ ದೋಣಿಗೆ ಬಣ್ಣ ಹಾಕಿದ ಎಳೆಯಿಂದಲೇ ನೇಯ್ದ ಅಕ್ರಿಲಿಕ್. ಬೆಲೆ ಜಾಸ್ತಿ, ಆದರೆ ಬಣ್ಣವೂ ಹೋಗುವುದಿಲ್ಲ, ಗಾಳಿಯೂ ಆಡುತ್ತದೆ. ವಾರಕ್ಕೊಮ್ಮೆ ಹೊರಗೆ ಬರುವ ದೋಣಿಗೆ ಹತ್ತಿ ಕ್ಯಾನ್ವಾಸ್ ಧಾರಾಳ ಆಯಿತು.

ಮೂರೂ ಕಡೆ ಪರದೆ ಇಳಿಬಿಟ್ಟು ಮುಚ್ಚಬಹುದಾ?

ಎಂಜಿನ್ ಓಡುವಾಗ ಪೂರ್ತಿ ಮುಚ್ಚಬೇಡಿ. ಹಿಂದಿನ ಎಂಜಿನ್ನಿನ ಹೊಗೆ ತಿರುಗಿ ಟಾಪಿನ ಒಳಗೇ ಬಂದು ಕೂಡುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ತಲೆಸುತ್ತು ಬಂದ ಕೂಡಲೇ ಎಂಜಿನ್ ನಿಲ್ಲಿಸಿ, ಪರದೆ ಎತ್ತಿ, ಗಾಳಿಗೆ ಬನ್ನಿ. ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಬೇಡಿ. ಮುಂದಿನ ಮತ್ತು ಹಿಂದಿನ ಎರಡೂ ಪರದೆ ತೆರೆದಿದ್ದರೆ ಗಾಳಿ ಹಾಯ್ದು ಹೋಗುತ್ತದೆ.

ಪರದೆಯ ಪಾರದರ್ಶಕ ಪ್ಲಾಸ್ಟಿಕ್‌ಗೆ ಸೀಮೆಎಣ್ಣೆ, ಥಿನ್ನರ್ ತಾಗಿಸಬೇಡಿ. ಮಡಿಚಬೇಡಿ, ಸುರುಳಿ ಸುತ್ತಿ.

ಗಾಳಿ ಬಂದರೆ ಟಾಪ್ ಇರಲಿಯೋ, ಇಳಿಸಬೇಕೋ?

ಇಳಿಸಬೇಕು. ಅಗಲವಾದ ಟಾಪ್ ಗಾಳಿಗೆ ಹಾಯಿಯೇ ಸರಿ. ಎಷ್ಟೇ ಬಿಗಿ ಇದ್ದರೂ ಗಾಳಿ ಕೆಳಗಿನಿಂದ ಎತ್ತುತ್ತದೆ. ಬಯಲಾಗಿ ಹರಡಿದ ಹಿನ್ನೀರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆಯ ಗಾಳಿ ಹೇಳದೆ ಕೇಳದೆ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಅಂತೂ ಎಚ್ಚರ ಇರಬೇಕು. ಪಶ್ಚಿಮದಲ್ಲಿ ಕಪ್ಪಾದ ಕೂಡಲೇ ಟಾಪ್ ಮಡಿಚಿ ಕಟ್ಟಿ ದಡದ ಕಡೆ ತಿರುಗಿಸಿ. ನೆರಳು ಇದ್ದರೂ ಇಲ್ಲದಿದ್ದರೂ ಲೈಫ್ ಜಾಕೆಟ್ ಮೈಮೇಲೇ ಇರಲಿ.

ಮಳೆಗಾಲದಲ್ಲಿ ಟಾಪ್ ಎಲ್ಲಿಡುವುದು?

ಅಟ್ಟದಲ್ಲಿ ಬಿದಿರಿಗೆ ಸುರುಳಿ ಸುತ್ತಿ ತೂಗುಹಾಕಿ. ನೆಲದ ಮೇಲೆ ಇಟ್ಟರೆ ಹತ್ತಿ ಬಟ್ಟೆಗೆ ವರಲೆ (ಗೆದ್ದಲು) ಹತ್ತುತ್ತದೆ. ಮಡಿಚಿ ಇಟ್ಟರೆ ಇಲಿ ಮರಿ ಹಾಕುತ್ತದೆ, ಮಡಿಕೆಯ ಗೆರೆಯಲ್ಲೇ ಬಟ್ಟೆಯೂ ಸೀಳುತ್ತದೆ. ಅಡಿಕೆ ಚೊಗರು (ಅಡಿಕೆ ಬೇಯಿಸಿದ ಕಂದು ನೀರು) ಇರುವ ಜಾಗದಿಂದ ದೂರ ಇಡಿ, ಆ ಕಲೆ ಯಾವುದಕ್ಕೂ ಹೋಗುವುದಿಲ್ಲ.

ಹಿನ್ನೀರು ಸಿಹಿನೀರು, ಹಾಗಾಗಿ ಉಪ್ಪಿನ ಕಾಟ ನಮಗಿಲ್ಲ. ದೋಣಿಯನ್ನು ಹೊನ್ನಾವರದ ಅಳಿವೆ ಕಡೆ ಒಯ್ದಿದ್ದರೆ ಮಾತ್ರ ಬಂದ ಮೇಲೆ ಟಾಪ್, ಜಿಪ್, ಬಕಲ್ ಎಲ್ಲಕ್ಕೂ ಸಿಹಿನೀರು ಸುರಿದು ತೊಳೆಯಿರಿ. ಜಿಪ್‌ಗೆ ಆಮೇಲೆ ಮೇಣದ ಬತ್ತಿ ಉಜ್ಜಿದರೆ ಸಲೀಸಾಗಿ ಓಡುತ್ತದೆ.

ಮನೆಯ ಹೊಲಿಗೆ ಮಷಿನ್‌ನಲ್ಲಿ ಆಗುತ್ತದಾ?

ತುಳಿಯುವ ಹಳೆ ಕಬ್ಬಿಣದ ಮಷಿನ್ ಆದರೆ ಎರಡು ಮೂರು ಪದರದವರೆಗೆ ಆಗುತ್ತದೆ. 18 ನಂಬರ್ ಸೂಜಿ ಹಾಕಿ. ದಪ್ಪ ಇರುವ ಜಾಗದಲ್ಲಿ ತುಳಿಯಬೇಡಿ, ಚಕ್ರವನ್ನು ಕೈಯಿಂದ ತಿರುಗಿಸಿ. ಪೂರ್ತಿ ಟಾಪ್ ಮರು ಹೊಲಿಗೆಗೆ ಕುಶನ್ ಕೆಲಸದವರ ದೊಡ್ಡ ಮಷಿನ್ ಬೇಕು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಎಲ್ಲಾ ಕಡೆ ಜೀಪ್ ಹುಡ್ ಹೊಲಿಯುವವರು ಇದ್ದಾರೆ, ಅವರಿಗೆ ಈ ಕೆಲಸ ಹೊಸದಲ್ಲ.

ರಿಪೇರಿಗೆ ಕೊಡುವಾಗ ಏನೇನು ತರಬೇಕು?

ಟಾಪ್ ತೊಳೆದು ಒಣಗಿಸಿ ತನ್ನಿ. ಕೆಸರಿನ ಮೇಲೆ ಹೊಲಿದರೆ ಸೂಜಿಯೂ ಹಾಳು, ಹೊಲಿಗೆಯೂ ನಿಲ್ಲುವುದಿಲ್ಲ. ಬಿಚ್ಚುವ ಮೊದಲು ಯಾವುದು ಮುಂದೆ, ಯಾವುದು ಹಿಂದೆ ಅಂತ ಚಾಕ್‌ನಲ್ಲಿ ಬರೆಯಿರಿ. ಟಾಪ್ ದೋಣಿಯ ಮೇಲೆ ಇರುವಾಗಲೇ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ, ಜೋಲು ಎಲ್ಲಿದೆ ಅಂತ ಅದರಲ್ಲಿ ಕಾಣುತ್ತದೆ. ಸಾಧ್ಯವಾದರೆ ಕಮಾನನ್ನೂ ಜೊತೆಗೆ ತನ್ನಿ. ದೋಣಿಯನ್ನೇ ನೋಡಲು ಬರಬೇಕು ಅನಿಸಿದರೆ ನಾನೇ ಬರುತ್ತೇನೆ, ಫೆಬ್ರವರಿ ಒಳಗೆ ಹೇಳಿ. ಮಾರ್ಚ್ ಬಂತೆಂದರೆ ಅಂಗಡಿ ತುಂಬಾ ಟಾಪ್‌ಗಳೇ ಇರುತ್ತವೆ.